ಅಗ್ಗದ ರೈಫಲ್ಲಿಗೆ ಮೊದಲು ಬೇಕಿರುವುದು ದುರ್ಬೀನಲ್ಲ

ಮಾನ್ಯ ಸಂಪಾದಕರೇ,

ಕೈಗೆಟಕುವ ಬೆಲೆಯ ಬೋಲ್ಟ್ ರೈಫಲ್ಲು (ಬೋಲ್ಟ್ ಎಂಬ ಲೋಹದ ಅಗುಳಿಯನ್ನು ಕೈಯಿಂದ ಎಳೆದು ತೋಟಾ ತುಂಬುವಂಥದ್ದು) ಕೊಂಡವರು ನಮ್ಮ ಮೈಸೂರು, ಮಂಡ್ಯ ಕಡೆ ಮೊದಲು ಮಾಡುವ ಕೆಲಸ ಗುರಿ ನೋಡಲು ಮೇಲೆ ದುರ್ಬೀನು ಹಾಕಿಸುವುದು. ಎರಡನೆಯದು ಮರಕ್ಕೆ ಪಾಲಿಷ್. ಆಮೇಲೂ ಗುಂಡು ಗುರಿಗೆ ಬೀಳದಿದ್ದರೆ ‘ನಳಿಕೆಯೇ ಸರಿಯಿಲ್ಲ, ಸರ್ಕಾರಿ ಮಾಲು ಇಷ್ಟೇ’ ಎಂದು ಬೀರುವಿಗೆ ಸೇರಿಸಿಬಿಡುತ್ತಾರೆ. ನಳಿಕೆಯ ಮೇಲೆ ಹೊರಿಸುವ ಈ ದೂರಿನಲ್ಲಿ ಬಹುಪಾಲು ನಳಿಕೆಯದಲ್ಲ. ಮರ ಮೈಗೆ ಹೊಂದಿರುವುದಿಲ್ಲ, ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ತೋಟಾ ಆ ರೈಫಲ್ಲಿಗೆ ಒಗ್ಗಿರುವುದಿಲ್ಲ. ಈ ಮೂರನ್ನೂ ಸರಿಪಡಿಸುವ ಖರ್ಚು ಒಳ್ಳೆಯ ದುರ್ಬೀನಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಲೈಸೆನ್ಸುದಾರರು ಇದನ್ನು ಬಿಡಿಸಿ ತಿಳಿಯಲಿ, ಜೊತೆಗೆ ಜಿಲ್ಲಾಡಳಿತ ಒಂದು ಅನುಕೂಲ ಮಾಡಿಕೊಡಲಿ ಎಂದು ಈ ಪತ್ರ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಶಿಕಾರಿ ಎಂಬ ಹವ್ಯಾಸ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೊಂದಿಗೆ ಮುಗಿಯಿತು. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಹಂದಿ ಹೊಡೆಯಬಹುದು ಎಂದು ಎಷ್ಟೋ ರೈತರು ತಿಳಿದಿದ್ದಾರೆ, ಅದು ತಪ್ಪು. ಲೈಸೆನ್ಸ್ ಬಂದೂಕು ಇಟ್ಟುಕೊಳ್ಳಲು. ಹಂದಿ ಹೊಡೆಯಲು ಅದೇ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಆದೇಶ ಬೇರೆಯೇ ಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದದ್ದು ಎರಡೇ ಬಂದೂಕು. ನಳಿಕೆ ಕತ್ತರಿಸುವುದು ಅಪರಾಧ. ರಿಪೇರಿ ಮಾಡುವವನಿಗೂ (ಗನ್‌ಸ್ಮಿತ್) ಲೈಸೆನ್ಸ್ ಇರಬೇಕು. ಹಾಗಾಗಿ ಊರಿನ ಲೇತ್ ಅಂಗಡಿಗೋ ಪರಿಚಯದ ಬಡಗಿಗೋ ಬಂದೂಕು ಬಿಟ್ಟು ಬರುವಂತಿಲ್ಲ. ಮುಂದೆ ಹೇಳುವುದರಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಯಾವುದು, ಗನ್‌ಸ್ಮಿತ್ ಕೈಗೇ ಕೊಡಬೇಕಾದದ್ದು ಯಾವುದು ಎಂಬುದನ್ನು ಅಲ್ಲಲ್ಲೇ ಹೇಳಿದೆ.

ನಮ್ಮಲ್ಲಿ ಕೈಗೆಟಕುವ ಬೋಲ್ಟ್ ರೈಫಲ್ಲೆಂದರೆ ಮುಖ್ಯವಾಗಿ ಎರಡು. ಸರ್ಕಾರಿ ಆರ್ಡಿನೆನ್ಸ್ ಕಾರ್ಖಾನೆಯ .22 ಮತ್ತು .315 (ಅಂಕಿ ನಳಿಕೆಯ ಒಳಅಗಲ, ಇಂಚಿನಲ್ಲಿ). ಗುರಿ ಅಭ್ಯಾಸಕ್ಕೆ .22 ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆ ನಡೆಯುವುದು ಇದೇ .22 ತೋಟಾದಲ್ಲಿ. ಆ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ನಮ್ಮ ಕಿರುಬೆರಳಿನ ಉಗುರಿನಷ್ಟು. ಹೊಸದಾಗಿ ಕಲಿಯುವವರು ಲೈಸೆನ್ಸಿಗೆ ಕಾಯುತ್ತ ಕೂರಬೇಕಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಡಿ .177 ಬೋರಿನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಉಸಿರು ಹಿಡಿಯುವುದು, ಕುದುರೆ (ಟ್ರಿಗರ್) ಎಳೆಯುವುದು, ಕೆನ್ನೆ ಇಡುವುದು, ಎಲ್ಲವನ್ನೂ ಅದರಲ್ಲೇ ಕಲಿಯಬಹುದು.

ಹಳೆಯ ರೈಫಲ್ಲು ಕೊಳ್ಳುವುದಾದರೆ ಹೊಳಪು ನೋಡಿ ಮರುಳಾಗಬೇಡಿ. ಮೊದಲು ನಳಿಕೆ ಮತ್ತು ಬಾಡಿಯ (ಬೋಲ್ಟ್ ಕೂರುವ ಲೋಹದ ಭಾಗ) ಮೇಲಿನ ನಂಬರು ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆಯಾಗಬೇಕು. ಮಾರುವವರು ಲಿಖಿತ ಮಾಹಿತಿ ಕೊಟ್ಟು 45 ದಿನ ಕಳೆದಿರಬೇಕು. ಬಂದೂಕು ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಂಡು, ಬೋಲ್ಟ್ ಹೊರಗೆ ತೆಗೆದು, ನಳಿಕೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿ. ಒಳಗೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ ಎಂದರ್ಥ. ಹಿಂದೆ ಯಾವಾಗಲೋ ಗುಂಡೊಂದು ಒಳಗೇ ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದು ಹಾರಿಸಿರುತ್ತಾರೆ. ಅಂಥದ್ದು ಬೇಡ. ಇನ್ನು ನಳಿಕೆಯ ಬಾಯಿ. ಕಿವಿಗೆ ಹಾಕುವ ಹತ್ತಿಕಡ್ಡಿ ತಗೊಂಡು ಬಾಯಿಯ ಒಳಗಿನಿಂದ ಹೊರಕ್ಕೆ, ಸುತ್ತಲೂ ಒಂದೊಂದು ಕಡೆ ಸವರುತ್ತ ಎಳೆಯಿರಿ. ಯಾವ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೋ ಅಲ್ಲಿ ಬಾಯಿ ಚಕ್ಕೆಯಾಗಿದೆ. ಗುಂಡು ಕೊನೆಯದಾಗಿ ಬಿಡುವ ಜಾಗ ಅದು. ಅಲ್ಲಿ ಒಂದು ಕಡೆಯಿಂದ ಗ್ಯಾಸು ಮೊದಲು ನುಗ್ಗಿದರೆ ಗುಂಡು ವಾಲಿಕೊಂಡೇ ಹೊರಡುತ್ತದೆ. ಎಂಥ ದುರ್ಬೀನು ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಗನ್‌ಸ್ಮಿತ್ ಬಾಯಿಯನ್ನು ಹದ ಮಾಡಿಕೊಡಬಹುದು. ಅದನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಮೈಗೆ ಹೊಂದಿಸುವುದು ಮುಂದಿನ ಕೆಲಸ. ಕಾರ್ಖಾನೆಯಿಂದ ಬರುವ ಬಟ್ಟು (ಭುಜಕ್ಕೆ ಒತ್ತುವ ಹಿಂದಿನ ಮರ) ಸಾಮಾನ್ಯವಾಗಿ ಕುದುರೆಯಿಂದ ಹಿಂದಿನ ತುದಿಗೆ 13.5 ಇಂಚಿನ ಆಸುಪಾಸು. ಐದೂಕಾಲು, ಐದೂವರೆ ಅಡಿ ಎತ್ತರದವರಿಗೆ 12.75ರಿಂದ 13.25 ಇಂಚು ಹಿತವಾಗುತ್ತದೆ. ಮೊಣಕೈ ಮಡಿಸಿ, ಬಟ್ಟಿನ ತುದಿಯನ್ನು ಮಡಿಕೆಗೆ ಒತ್ತಿ ಹಿಡಿದಾಗ ತೋರುಬೆರಳಿನ ಮೊದಲ ಗಿಣ್ಣು ಕುದುರೆಗೆ ಬಂದರೆ ಅಳತೆ ಹೆಚ್ಚುಕಡಿಮೆ ಸರಿ. ಉದ್ದವಾದರೆ ಭುಜ ಮುಂದಕ್ಕೆ ಎಳೆದುಕೊಳ್ಳುತ್ತದೆ, ಕತ್ತು ಚಾಚಬೇಕಾಗುತ್ತದೆ, ಐದನೇ ಗುಂಡಿನ ಹೊತ್ತಿಗೆ ತೋಳು ನಡುಗುತ್ತದೆ. ಗಿಡ್ಡವಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ರಬ್ಬರ್ ಪ್ಯಾಡು ಹಾಕಿಸಿದರೆ ಅದರ ದಪ್ಪದಷ್ಟು ಉದ್ದ ಕೂಡುತ್ತದೆ ಎಂಬುದು ನೆನಪಿರಲಿ. ಅಷ್ಟು ಮರ ಇಳಿಸಿ ಪ್ಯಾಡು ಕೂರಿಸಲು ಗನ್‌ಸ್ಮಿತ್‌ಗೆ ಹೇಳಬೇಕು.

ಕೆನ್ನೆ ಕೂರುವ ಎತ್ತರಕ್ಕೆ ಒಂದು ಸುಲಭ ಪರೀಕ್ಷೆ. ಖಾಲಿ ರೈಫಲ್ಲನ್ನು ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆಯನ್ನು ಪೂರ್ತಿ ಭಾರ ಬಿಟ್ಟು ಮರದ ಮೇಲೆ ಇಡಿ. ಆಮೇಲೆ ಕಣ್ಣು ಬಿಡಿ. ಮಕ್ಕಿ (ನಳಿಕೆಯ ತುದಿಯ ಗುರಿಮೊಳೆ) ನೇರ ಕಾಣಬೇಕು, ದುರ್ಬೀನಾದರೆ ಸುತ್ತಲೂ ಕಪ್ಪಿಲ್ಲದೆ ಪೂರ್ತಿ ಬಿಂಬ ಕಾಣಬೇಕು. ಕತ್ತು ಎತ್ತಿದರೆ ಮಾತ್ರ ಕಾಣುತ್ತದೆ ಎಂದಾದರೆ ಮರ ತಗ್ಗಾಗಿದೆ. ಮಕ್ಕಿಗೆಂದು ಮಾಡಿದ ಮರದ ಮೇಲೆ ದುರ್ಬೀನು ಕೂರಿಸಿದಾಗ ಇದು ಆಗಿಯೇ ಆಗುತ್ತದೆ. ಸಾಮಾನ್ಯವಾಗಿ 12ರಿಂದ 20 ಮಿಲಿಮೀಟರ್ ಏರಿಸಬೇಕಾಗುತ್ತದೆ. ಯೋಗದ ಚಾಪೆಯ ತುಂಡನ್ನು ಪದರ ಪದರವಾಗಿ ಇಟ್ಟು, ಮೇಲೆ ಹತ್ತಿಬಟ್ಟೆ ಬಿಗಿದು ಒಂದು ತಿಂಗಳು ಅಭ್ಯಾಸ ಮಾಡಿ ನೋಡಿ. ಎತ್ತರ ಗಟ್ಟಿಯಾದ ಮೇಲೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಬಡಗಿಗೆ ಕೊಟ್ಟರೆ ಕೆನ್ನೆಪಟ್ಟಿಯನ್ನಷ್ಟೇ ಮಾಡಿಕೊಡುತ್ತಾರೆ. ರೈಫಲ್ಲು ಮನೆ ಬಿಟ್ಟು ಹೋಗಬೇಕಿಲ್ಲ. ಮೈಸೂರಿನಲ್ಲಿ ಬೀಟೆ ಮರದ ಕೆತ್ತನೆ ಬಲ್ಲವರಿದ್ದಾರೆಂದು ಇಡೀ ಸ್ಟಾಕನ್ನೇ (ರೈಫಲ್ಲಿನ ಮರದ ಭಾಗ) ಬೀಟೆಯಲ್ಲಿ ಮಾಡಿಸುವ ಆಸೆ ಕೆಲವರಿಗೆ. ನೋಡಲು ಚೆಂದ, ಹೊರಲು ಭಾರ. ಕೆನ್ನೆಪಟ್ಟಿಗೆ ಬೀಟೆ ಸಾಕು. ಸ್ಟಾಕನ್ನೇ ಹೊಸದಾಗಿ ಮಾಡಿಸುವುದಾದರೆ ಅದು ಲೈಸೆನ್ಸ್ ಇರುವ ಗನ್‌ಸ್ಮಿತ್ ಮೂಲಕವೇ ಆಗಬೇಕು.

ಈಗ ಸ್ಕ್ರೂ ಮತ್ತು ಮರದೊಳಗಿನ ಕೂರಿಕೆ. ಅಗ್ಗದ ರೈಫಲ್ಲು ದುಬಾರಿ ರೈಫಲ್ಲಿನಿಂದ ಬೇರೆಯಾಗುವುದು ಹೆಚ್ಚಾಗಿ ಇಲ್ಲೇ. ಒಂದೇ ಮರದ ಸ್ಟಾಕಿರುವ .22ರಲ್ಲಿ ಲೋಹದ ಬಾಡಿ ಮರದೊಳಗೆ ಯಾವ ತಿರುಚೂ ಇಲ್ಲದೆ ಕೂತಿರಬೇಕು. ಪರೀಕ್ಷೆ ಹೀಗೆ. ಖಾಲಿ ರೈಫಲ್ಲನ್ನು ಬಟ್ಟು ಕೆಳಗಾಗಿ ನಿಲ್ಲಿಸಿ, ಮುಂದಿನ ಮರದ ತುದಿಯಲ್ಲಿ ಒಂದು ಬೆರಳು ಮರಕ್ಕೂ ನಳಿಕೆಗೂ ಒಟ್ಟಿಗೆ ತಾಗುವಂತೆ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಮುಂದಿನ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿ, ಮತ್ತೆ ಬಿಗಿ ಮಾಡಿ. ನಳಿಕೆ ಮರದಿಂದ ಎದ್ದು ಕೂತದ್ದು ಬೆರಳಿಗೆ ಗೊತ್ತಾದರೆ ಒಳಗಿನ ಕೂರಿಕೆ ಸರಿಯಿಲ್ಲ. ಸ್ಕ್ರೂ ಬಿಗಿದಾಗಲೆಲ್ಲ ಬಾಡಿ ಬಿಲ್ಲಿನಂತೆ ಬಾಗುತ್ತಿದೆ. ಇಂಥ ರೈಫಲ್ಲು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಹೊಡೆಯುತ್ತದೆ. ಆಷಾಢದ ತೇವಕ್ಕೆ ಮರ ಹಿಗ್ಗಿದಾಗ ಇನ್ನೊಂದು ಕಡೆ.

ಕೂರಿಕೆ ಸರಿಪಡಿಸುವುದು ಎರಡು ದಿನದ ಕೆಲಸ. ಕೈಗೆ ತಾಳ್ಮೆ ಇದ್ದರೆ ಮನೆಯಲ್ಲೇ ಆಗುತ್ತದೆ, ಇಲ್ಲದಿದ್ದರೆ ಗನ್‌ಸ್ಮಿತ್‌ಗೆ ಬಿಡಿ. ಬಾಡಿ ಬಿಚ್ಚಿ, ಸ್ಕ್ರೂ ಹಾದುಹೋಗುವ ಜಾಗದ ಸುತ್ತ ಎಣ್ಣೆ ಕುಡಿದು ಮೆತ್ತಗಾದ ಮರವನ್ನು ಒಂದೂವರೆ, ಎರಡು ಮಿಲಿಮೀಟರ್ ಕೆರೆದು ಹಸಿಮರ ಕಾಣಿಸಬೇಕು. ಎಣ್ಣೆ ಉಳಿದರೆ ಅಂಟು ಹಿಡಿಯುವುದಿಲ್ಲ. ಲೋಹದ ಭಾಗಕ್ಕೆಲ್ಲ ಮೇಣದ ಬೂಟ್‌ಪಾಲಿಷ್ ಎರಡು ಸಲ ಸವರಿ, ಪ್ರತಿ ತೂತು, ತೋಡು, ಸ್ಕ್ರೂ ಹಲ್ಲುಗಳನ್ನು ಮಕ್ಕಳು ಆಡುವ ಜೇಡಿಯಿಂದ ಮುಚ್ಚಿ. ಇದನ್ನು ಮರೆತವರೇ ಕೆಡುವುದು. ಅಂಟು ತೂತಿನೊಳಗೆ ಇಳಿದು ಗಟ್ಟಿಯಾದರೆ ಬಾಡಿ ಮರಕ್ಕೆ ಬೀಗ ಹಾಕಿದಂತೆ ಕೂತುಬಿಡುತ್ತದೆ, ಮರ ಒಡೆಯದೆ ಬರುವುದಿಲ್ಲ. ಅರಾಲ್ಡೈಟ್ ನಿಧಾನವಾಗಿ ಗಟ್ಟಿಯಾಗುವ ಬಗೆಯದೇ ಆಗಬೇಕು. ಐದು ನಿಮಿಷದ್ದು ಬಾಡಿ ಕೂರಿಸುವಷ್ಟರಲ್ಲೇ ಬಿಗಿದುಕೊಳ್ಳುತ್ತದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಕಲಸಿ. ಗಟ್ಟಿಯಾಗಲೆಂದು ಎರಡನೆಯ ಟ್ಯೂಬು ಹೆಚ್ಚು ಹಾಕಿದರೆ ಗಟ್ಟಿಯಾಗುವುದಿಲ್ಲ, ರಬ್ಬರಿನಂತಾಗುತ್ತದೆ. ಬಾಡಿಯನ್ನು ಕೂರಿಸಿ ಸ್ಕ್ರೂ ಬೆರಳ ಬಿಗಿಯಷ್ಟೇ ತಿರುಗಿಸಿ, 24 ಗಂಟೆ ಮುಟ್ಟಬೇಡಿ. ಆಮೇಲೆ ಸ್ಕ್ರೂವನ್ನು 2.5ರಿಂದ 3.5 ನ್ಯೂಟನ್ ಮೀಟರ್ ಬಿಗಿಗೆ ತನ್ನಿ. ಟಾರ್ಕ್ ಅಳೆಯುವ ಸಣ್ಣ ಸ್ಕ್ರೂಡ್ರೈವರ್ ಸೈಕಲ್ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ದುರ್ಬೀನಿಗಿಂತ ಮೊದಲು ಕೊಳ್ಳಬೇಕಾದ ಹತ್ಯಾರು ಅದು. ಬರೀ ಮರಕ್ಕೆ ಇದಕ್ಕಿಂತ ಹೆಚ್ಚು ಬಿಗಿದರೆ ಮರ ನಜ್ಜಾಗುತ್ತದೆ, ವಾರ ಕಳೆದರೆ ಮತ್ತೆ ಸಡಿಲ.

.315ಕ್ಕೆ ಈ ಉಪಾಯ ಹಾಗೆಯೇ ಅನ್ವಯಿಸಬೇಡಿ. ಅದು ಲೀ-ಎನ್‌ಫೀಲ್ಡ್ (ಹಳೆಯ ಬ್ರಿಟಿಷ್ ಸೇನೆಯ ರೈಫಲ್ಲು) ಕುಲದ್ದು. ಹಿಂದಿನ ಮರ ಬೇರೆ, ಮುಂದಿನ ಮರ ಬೇರೆ. ಅಂತರ್ಜಾಲ ನೋಡಿ ‘ನಳಿಕೆ ಮರಕ್ಕೆ ತಾಗಲೇಬಾರದು’ ಎಂದು ಮುಂದಿನ ಮರವನ್ನು ಕೆರೆದು ಹಾಳು ಮಾಡಿಕೊಂಡವರಿದ್ದಾರೆ. ಈ ಕುಲದ ರೈಫಲ್ಲಿನ ಮುಂದಿನ ಮರ ಒದೆತ ತಡೆಯುವುದು ಹಿಂಬದಿಯಲ್ಲಿ ಬಾಡಿಗೆ ಒತ್ತಿ ಕೂರುವ ಎರಡು ಅಂಚುಗಳಲ್ಲಿ. ಬೇಸಿಗೆಯಲ್ಲಿ ಮರ ಸೊರಗಿ ಅಲ್ಲಿ ಸಂದು ಬಿಟ್ಟರೆ ಪ್ರತಿ ಗುಂಡಿಗೂ ಬಾಡಿ ಸುತ್ತಿಗೆಯಂತೆ ಬಡಿದು ಮರ ಸೀಳುತ್ತದೆ. ಆ ಎರಡು ಅಂಚು ಸಮನಾಗಿ ಕೂತಿವೆಯೇ ಎಂದಷ್ಟೇ ಗನ್‌ಸ್ಮಿತ್‌ರಿಂದ ನೋಡಿಸಿ. ಮುಂದಿನ ಮರ ಬಿಚ್ಚದೆ ಹಿಂದಿನ ಬಟ್ಟನ್ನು ಬಾಡಿಗೆ ಬಿಗಿಯುವ ಉದ್ದ ಬೋಲ್ಟನ್ನು ತಿರುಗಿಸಲೂಬೇಡಿ. ಹಳೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಮರದೊಳಗಿನ ಪಟ್ಟಿಗೆ ಸಿಕ್ಕಿರುತ್ತದೆ, ತಿರುವಿದರೆ ಮರವೇ ಒಡೆಯುತ್ತದೆ. ಒಂದು ರೈಫಲ್ಲಿನ ತೋಟಾ ತುಂಬುವ ಬೋಲ್ಟನ್ನು ಇನ್ನೊಂದಕ್ಕೆ ಹಾಕುವುದಂತೂ ಕಣ್ಣಿಗೇ ಕುತ್ತು. ಹಾರಿಸಿದ ತೋಟಾದ ಬುಡಕ್ಕಿಂತ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆಯೊಂದು ಕಂಡರೆ ಆ ರೈಫಲ್ಲನ್ನು ಅಲ್ಲಿಗೇ ನಿಲ್ಲಿಸಿ. ಬೋಲ್ಟಿಗೂ ತೋಟಾಕ್ಕೂ ನಡುವೆ ಸಂದು ಹೆಚ್ಚಾಗಿದೆ, ಮುಂದಿನ ತೋಟಾ ಅಲ್ಲಿಯೇ ಹರಿಯಬಹುದು.

ಕುದುರೆಯ ವಿಷಯದಲ್ಲಿ ಮನೆಯ ಕೆಲಸ ಅಳೆಯುವುದು ಮಾತ್ರ. ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಖಾಲಿ ರೈಫಲ್ಲಿನ ಕುದುರೆಗೆ ಹಾಕಿ ಎಳೆದರೆ ಎಷ್ಟು ಭಾರಕ್ಕೆ ಬಿಡುತ್ತದೆ ಎಂದು ತಿಳಿಯುತ್ತದೆ. ಹೊಲಗದ್ದೆಗೆ ಒಯ್ಯುವ ರೈಫಲ್ಲಿಗೆ ಒಂದೂವರೆ ಕಿಲೋಗಿಂತ ಹಗುರ ಬೇಡ. ಬೋಲ್ಟನ್ನು ಜೋರಾಗಿ ಮುಚ್ಚಿ, ಬಟ್ಟನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ ನೋಡಿ. ಕುದುರೆ ಮುಟ್ಟದೆಯೇ ‘ಟಿಕ್’ ಎಂದು ತೋಟಾಕ್ಕೆ ಬಡಿಯುವ ಪಿನ್ನು ಬಿದ್ದರೆ ಆ ರೈಫಲ್ಲು ಆಳು ತೆಗೆಯುವಂಥದ್ದು, ನೇರ ಗನ್‌ಸ್ಮಿತ್ ಹತ್ತಿರ ಹೋಗಬೇಕು. ಕುದುರೆ ಎಳೆಯುವವರೆಗೆ ಪಿನ್ನನ್ನು ತಡೆದಿಡುವ ಒಳಗಿನ ಕಚ್ಚನ್ನು ಅರದಿಂದ ಉಜ್ಜಿ ಹಗುರ ಮಾಡುವ ಚಾಳಿ ನಮ್ಮಲ್ಲಿದೆ. ಆ ಉಕ್ಕಿಗೆ ಗಟ್ಟಿತನ ಇರುವುದು ಮೇಲ್ಪದರದಲ್ಲಷ್ಟೇ. ಪದರ ಹೋದ ಮೇಲೆ ಮೆತ್ತನೆಯ ಕಬ್ಬಿಣ ನೂರು ಗುಂಡಿಗೆ ಸವೆದು, ಒಂದು ದಿನ ತಾನಾಗಿ ಜಾರುತ್ತದೆ. .22ರಲ್ಲಿ ತೋಟಾ ಇಲ್ಲದೆ ಕುದುರೆ ಎಳೆಯುವ ಅಭ್ಯಾಸವೂ ಒಳ್ಳೆಯದಲ್ಲ. ಹಲವು .22ಗಳಲ್ಲಿ ಪಿನ್ನು ನಳಿಕೆಯ ಹಿಂಬದಿ ಅಂಚಿಗೇ ಬಡಿದು ಗುಳಿ ಮಾಡುತ್ತದೆ, ಆಮೇಲೆ ಖಾಲಿ ತೋಟಾ ಹೊರಗೆ ಬರುವುದಿಲ್ಲ.

ತೋಟಾದಲ್ಲಿ ಜೋರಿನದು ಒಳ್ಳೆಯದೆಂಬ ನಂಬಿಕೆ ಗುರಿ ಅಭ್ಯಾಸಕ್ಕೆ ಸಲ್ಲದು. .22ರ ಸಾಮಾನ್ಯ ವೇಗದ ತೋಟಾ ಸೆಕೆಂಡಿಗೆ ಸುಮಾರು 325 ಮೀಟರ್ ಹೋಗುತ್ತದೆ, ಶಬ್ದದ ವೇಗಕ್ಕಿಂತ ಕೆಳಗೆ. ಹೆಚ್ಚು ವೇಗದ್ದು 380ರ ಹತ್ತಿರ ಹೊರಟು, 50 ಮೀಟರಿನ ಆಸುಪಾಸಿನಲ್ಲಿ ಶಬ್ದದ ವೇಗದಿಂದ ಕೆಳಗಿಳಿಯುತ್ತದೆ. ಆ ಇಳಿಯುವ ಗಳಿಗೆಯಲ್ಲಿ ಗುಂಡು ಅಲುಗಾಡುತ್ತದೆ, ಹಾಳೆಯ ಮೇಲೆ ಗುಂಡುಗಳ ಗುಂಪು ಚೆದುರುತ್ತದೆ. ಎರಡು ಮೂರು ಬಗೆಯ ತೋಟಾ ತಂದು, ಪ್ರತಿಯೊಂದರಲ್ಲೂ ಮೊದಲು ಐದು ಸುಮ್ಮನೆ ಹಾರಿಸಿ, ನಂತರ ಐದೈದರ ಮೂರು ಗುಂಪು ತೆಗೆದು ನೋಡಿ. ಬಗೆ ಬದಲಿಸಿದಾಗ ನಳಿಕೆಯೊಳಗೆ ಹಿಂದಿನ ತೋಟಾದ ಮೇಣ ಉಳಿದಿರುತ್ತದೆ, ಆ ಮೊದಲ ಐದು ಅದಕ್ಕಾಗಿ. ಕಡಿಮೆ ಬೆಲೆಯದೇ ಕೆಲವೊಮ್ಮೆ ಗೆಲ್ಲುತ್ತದೆ.

ಇಷ್ಟಾದ ಮೇಲೆ ದುರ್ಬೀನು. ಕೊಳ್ಳುವಾಗ .22ಕ್ಕೆಂದೇ 50 ಮೀಟರಿನ ಹತ್ತಿರಕ್ಕೆ ಹೊಂದಿಸಿದ್ದನ್ನು ಕೇಳಿ. ದೊಡ್ಡ ರೈಫಲ್ಲಿನದಾದರೆ ಕಣ್ಣು ಸ್ವಲ್ಪ ಅಲುಗಿದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ದುರ್ಬೀನು ಹಿಡಿಯುವ ಬಳೆಯ ಸ್ಕ್ರೂ 2 ನ್ಯೂಟನ್ ಮೀಟರ್ ದಾಟಬಾರದು, ಕೊಳವೆ ನಜ್ಜಾಗುತ್ತದೆ. ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಮರಳು ತುಂಬಿ ಹೊಲಿದರೆ ದಿಂಬು ಸಿದ್ಧ. ಅದರ ಮೇಲೆ ಮರವನ್ನು ಇಡಬೇಕು, ನಳಿಕೆಯನ್ನಲ್ಲ. ಬೋಲ್ಟ್ ತೆಗೆದು ನಳಿಕೆಯ ಒಳಗಿನಿಂದ 25 ಮೀಟರಿನ ಗುರಿ ನೋಡಿ, ಅಲುಗಿಸದೆ ದುರ್ಬೀನಿನ ಗೆರೆಯನ್ನು ಅಲ್ಲಿಗೇ ತನ್ನಿ. ಹಾಗೆ ಮಾಡಿದರೆ ಮೊದಲ ಗುಂಡೇ ಹಾಳೆಯ ಮೇಲೆ ಬೀಳುತ್ತದೆ. ನಂತರ 50 ಮೀಟರಿಗೆ ಹೋಗಿ ಐದು ಗುಂಡಿನ ಗುಂಪಿನ ನಡುವನ್ನು ಅಳೆಯಿರಿ. ಕಾಲು ಮಿನಿಟಿನ (ಮಿನಿಟೆಂದರೆ ಕೋನದಲ್ಲಿ ಡಿಗ್ರಿಯ ಅರವತ್ತನೇ ಒಂದು ಪಾಲು) ದುರ್ಬೀನಿನಲ್ಲಿ ತಿರುಪಿನ ಒಂದು ಕ್ಲಿಕ್ಕಿಗೆ ಅಷ್ಟು ದೂರದಲ್ಲಿ 3.6 ಮಿಲಿಮೀಟರ್. ಗುಂಪು 36 ಮಿಲಿಮೀಟರ್ ಕೆಳಗಿದ್ದರೆ ಮೇಲಕ್ಕೆ ಹತ್ತು ಕ್ಲಿಕ್. ಒಂದೊಂದು ಗುಂಡಿಗೂ ಒಂದೊಂದು ಸಲ ತಿರುಗಿಸುತ್ತ ಹೋದರೆ ಸಂಜೆಯವರೆಗೂ ಗುಂಡಿನ ಹಿಂದೆ ಓಡುತ್ತಲೇ ಇರಬೇಕು. 50ಕ್ಕೆ ಹೊಂದಿಸಿದ .22 ನೂರು ಮೀಟರಿನಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಆಷಾಢದ ಅಡ್ಡಗಾಳಿ ಗಂಟೆಗೆ 15 ಕಿಲೋಮೀಟರ್ ಇದ್ದರೆ 50 ಮೀಟರಿನಲ್ಲೇ ಎರಡೂವರೆ ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ.

ಇದನ್ನೆಲ್ಲ ಎಲ್ಲಿ ಮಾಡುವುದು ಎಂಬುದೇ ನಿಜವಾದ ತೊಡಕು. ಗದ್ದೆ ಬಯಲು ಖಾಲಿ ಕಂಡರೂ ಅದು ಗುಂಡು ಹಾರಿಸುವ ಜಾಗವಲ್ಲ. .22ರಂಥ ಪುಟ್ಟ ಗುಂಡು ಕೂಡ ಒಂದೂವರೆ ಕಿಲೋಮೀಟರಿಗಿಂತ ಆಚೆ ಹೋಗಿ ಗಾಯ ಮಾಡಬಲ್ಲದು. ಮೊಣಕಾಲೆತ್ತರದ ಬದು ತಡೆಯಲ್ಲ. ನಾಲೆ ನೀರು ಬಿಟ್ಟ ಗದ್ದೆಯ ಮೇಲೆ ಗುಂಡು ತಗ್ಗಾಗಿ ಬಿದ್ದರೆ, ಹುಡುಗರು ಕೆರೆಯಲ್ಲಿ ಎಸೆಯುವ ಬಿಲ್ಲೆಕಲ್ಲಿನಂತೆ ನೀರಿನ ಮೈ ಸವರಿಕೊಂಡು ಜಿಗಿದು, ಯಾವ ದಿಕ್ಕಿಗೋ ಹೋಗುತ್ತದೆ. ಆ ದಿಕ್ಕಿನಲ್ಲಿ ಕಬ್ಬು ಕಡಿಯುವವರು ಇರುತ್ತಾರೆ, ಕಬ್ಬಿನ ಮರೆಯಲ್ಲಿ ಕಾಣುವುದಿಲ್ಲ. ಕಲ್ಲಿಲ್ಲದ ಮಣ್ಣಿನ, ಆಳೆತ್ತರಕ್ಕೂ ಮೀರಿದ ದಿಬ್ಬ ಹಿಂದೆ ಇಲ್ಲದೆ, ಮತ್ತು ಅನುಮತಿ ಇಲ್ಲದೆ, ಒಂದು ಗುಂಡೂ ಹಾರಬಾರದು.

ಮಳೆಗಾಲದ ಜೋಪಾನವೂ ಒಂದು ಮಾತು. ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ರೈಫಲ್ಲು ಬಿಟ್ಟರೆ ಚೀಲ ತೇವ ಹೀರಿ ಲೋಹಕ್ಕೆ ಅಂಟಿಸುತ್ತದೆ, ಹದಿನೈದು ದಿನಕ್ಕೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ತೆಂಗಿನೆಣ್ಣೆ ಬೇಡವೇ ಬೇಡ, ಮಾರ್ಗಶಿರದ ಚಳಿಗೆ ಹೆಪ್ಪುಗಟ್ಟಿ ಬೋಲ್ಟ್ ಮಂದವಾಗುತ್ತದೆ, ಪಿನ್ನು ಮೆತ್ತಗೆ ಬಡಿದು ತೋಟಾ ಹಾರುವುದಿಲ್ಲ. ಸೀಮೆಎಣ್ಣೆ ಕೊಳೆ ತೆಗೆಯುತ್ತದೆ, ಕಾಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿದರೆ ತಿಂಗಳೊಪ್ಪತ್ತಿಗೆ ಸಾಕು. ಒರೆಸುವ ಕಡ್ಡಿ ಹಿಂದಿನಿಂದ ಮುಂದಕ್ಕೆ ಹೋಗಬೇಕು, ಬಾಯಿಯ ಕಡೆಯಿಂದ ತುರುಕಿದರೆ ಆ ಅಂಚೇ ಸವೆಯುತ್ತದೆ. ಹಾರಿಸುವ ಮುನ್ನ ಒಣಬಟ್ಟೆಯಿಂದ ಒಳಗಿನ ಎಣ್ಣೆ ತೆಗೆಯದಿದ್ದರೆ ಮೊದಲ ಗುಂಡು ಗುಂಪಿನಿಂದ ಆಚೆ ಬೀಳುತ್ತದೆ. ಬೋಲ್ಟ್ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಚುನಾವಣೆಗೆಂದು ಠಾಣೆಗೆ ಒಪ್ಪಿಸುವಾಗ ಮಾತ್ರ ತೆಳು ಎಣ್ಣೆ ಸಾಲದು, ಒಳಗೂ ಹೊರಗೂ ಗ್ರೀಸು ಸವರಿ ಕೊಡಬೇಕು. ವಾಪಸ್ ಬರುವಾಗ ಎರಡು ತಿಂಗಳೂ ಆಗಬಹುದು.

ಮೈಸೂರು ಮತ್ತು ಮಂಡ್ಯದ ಜಿಲ್ಲಾಡಳಿತ, ಪೊಲೀಸ್ ಇಲಾಖೆಗಳಲ್ಲಿ ಒಂದು ಕೋರಿಕೆ. ಲೈಸೆನ್ಸಿಗೆ ಮುನ್ನ ಬಂದೂಕು ಹಿಡಿಯುವ ತರಬೇತಿ ಕಡ್ಡಾಯ ಮಾಡಿರುವುದು ಸರಿಯಾದ ಕ್ರಮ. ಆದರೆ ಆ ಬಳಿಕ ಕೊಂಡ ರೈಫಲ್ಲು ನೇರ ಹೊಡೆಯುತ್ತದೆಯೇ ಎಂದು ಪರೀಕ್ಷಿಸಲು ಸಾಮಾನ್ಯ ಲೈಸೆನ್ಸುದಾರನಿಗೆ ದಾರಿ ತೋರಿಸುವವರಿಲ್ಲ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಜೊತೆಗೇ, ಅದೇ ಗುಂಡು ಹಾರಿಸುವ ಮೈದಾನದಲ್ಲಿ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮುನ್ನ ಮೂರು ಗಂಟೆ ಬಿಟ್ಟುಕೊಡಲಿ. 25 ಮತ್ತು 50 ಮೀಟರಿನ ಎರಡು ಸಾಲು, ಒಬ್ಬರಿಗೆ 20 ತೋಟಾದ ಮಿತಿ, ನಿಗದಿತ ಶುಲ್ಕ, ಒಬ್ಬ ಆರ್ಮರರ್ (ಇಲಾಖೆಯ ಬಂದೂಕು ನೋಡಿಕೊಳ್ಳುವವರು). ಬೋಲ್ಟ್, ಕುದುರೆ, ನಳಿಕೆಯ ಬಾಯಿ ಇವನ್ನು ಅವರು ಮೊದಲು ನೋಡಿ, ಅಪಾಯ ಕಂಡದ್ದನ್ನು ಅಲ್ಲೇ ತಡೆಹಿಡಿಯಲಿ. ಬೆಳೆ ರಕ್ಷಣೆಯ ಜೋಡಿನಳಿಕೆ ಬಂದೂಕುಗಳಿಗೂ ಇದೇ ಅವಕಾಶ ಇರಲಿ. ಠಾಣೆಗಳಲ್ಲಿ ಠೇವಣಿ ಬಂದೂಕುಗಳನ್ನು ಗೋಡೆಗೆ ಒರಗಿಸುವ ಬದಲು ಮರದ ಗೂಟದ ಚೌಕಟ್ಟಿಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಮಾಲೀಕರು ಬಂದು ಅಲ್ಲಿಯೇ ಎಣ್ಣೆ ಸವರಲು ಬಿಟ್ಟರೆ ಇನ್ನೂ ಉಪಕಾರ.

ಇಂತಿ,
ಲೈಸೆನ್ಸುದಾರ ಓದುಗರು,
ಮಂಡ್ಯ